ಮೂರು ಸಲ ಸತ್ತ ನಾಯಕಿ, ಒಮ್ಮೆಯೂ ಬೀಳದ ಪರದೆ

ಶನಿವಾರ, 1997ರ ಡಿಸೆಂಬರ್ ಕೊನೆಯ ವಾರ. ಆರಂಭ: ಸಂಜೆ ಆರು ಗಂಟೆ ಐವತ್ತು ನಿಮಿಷ. ತಡ: ಇಪ್ಪತ್ತು ನಿಮಿಷ. ಕಾರಣ: ನಾಯಕಿಗೆ ಸೀರೆ ಉಡಿಸುವುದು.

ನನ್ನ ಡೈರಿಯ ಆ ಪುಟ ಹೀಗೆ ಶುರುವಾಗುತ್ತದೆ. ಪುಣೆಯ ಒಂದು ನಾಟಕಗೃಹದಲ್ಲಿ ನಾನು ಘೋಷಕಿಯಾಗಿದ್ದೆ. ಮೂರನೆಯ ಗಂಟೆ ಬಾರಿಸಿದ ಮೇಲೆ ಮೈಕಿನಲ್ಲಿ ನಾಟಕದ ಹೆಸರು, ಕಲಾವಿದರ ಹೆಸರು ಹೇಳುವುದು, ಅಳುವ ಮಕ್ಕಳನ್ನು ಹೊರಗೆ ಕರೆದೊಯ್ಯಲು ವಿನಂತಿಸುವುದು, ಗೇಟಿಗೆ ಅಡ್ಡ ನಿಂತ ಸ್ಕೂಟರಿನ ನಂಬರು ಕೂಗುವುದು ನನ್ನ ಕೆಲಸ. ಯಾರೂ ಹೇಳದೆ ಹಚ್ಚಿಕೊಂಡ ಇನ್ನೊಂದು ಕೆಲಸವೂ ಇತ್ತು. ಪ್ರತಿ ಪ್ರಯೋಗಕ್ಕೆ ಆರಂಭ ಎಷ್ಟಕ್ಕೆ, ಮುಕ್ತಾಯ ಎಷ್ಟಕ್ಕೆ, ಕರೆಂಟು ಎಷ್ಟು ಸಲ ಹೋಯಿತು, ಒನ್ಸ್ ಮೋರ್ ಎಷ್ಟು ಬಂದವು ಎಂದು ಬರೆದಿಡುತ್ತಿದ್ದೆ. ವಯಸ್ಸು ಚಿಕ್ಕದಿತ್ತು, ಲೆಕ್ಕ ಇಟ್ಟರೆ ಜಗತ್ತು ಸರಿಯಾಗಿ ನಡೆಯುತ್ತದೆ ಎಂದು ನಂಬಿದ್ದೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ತರಬೇತಿ ಪಡೆದು ಬರುತ್ತಾರೆ. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ದೀಪ ಆರುತ್ತದೆ, ಪರದೆ ಸರಿಯುತ್ತದೆ, ಮೊದಲೇ ಧ್ವನಿಮುದ್ರಿಸಿಟ್ಟ ಘೋಷಣೆ ಕೇಳಿಸುತ್ತದೆ. ನಮ್ಮ ಕಾಲದಲ್ಲಿ ಎಲ್ಲ ಬಾಯಿ ಮತ್ತು ಕೈ. ತಪ್ಪೂ ಅವುಗಳದ್ದೇ. ಒಮ್ಮೆ ನಾನು ಹಿಂದಿನ ದಿನದ ನಾಟಕದ ಹೆಸರನ್ನೇ ಘೋಷಿಸಿಬಿಟ್ಟೆ. ಪ್ರೇಕ್ಷಕರು ಜೇಬಿನಿಂದ ಟಿಕೀಟು ತೆಗೆದು ನೋಡಿಕೊಂಡರು. ಒಳಗೆ ನಟರು ಗಾಬರಿಯಾಗಿ ತಮ್ಮ ವೇಷ ನೋಡಿಕೊಂಡರು.

ಅಂಥ ದಿನಗಳಲ್ಲಿ ನನ್ನನ್ನು ಕಾಪಾಡುತ್ತಿದ್ದವರು ರಂಗದ ಉಸ್ತುವಾರಿ ಗುರುರಾಯರು. ಧಾರವಾಡದ ಕಡೆಯವರು, ಹುಡುಗರಾಗಿದ್ದಾಗಲೇ ಪುಣೆಗೆ ಬಂದವರು. ಹೊರಗೆ ಅಪ್ಪಟ ಪುಣೇರಿ ಮರಾಠಿ, ನನ್ನೊಡನೆ ಮಾತ್ರ ಕನ್ನಡ. ಮೇಲಿಂದ ಇಳಿಯುವ ಕೆಂಪು ಮಖಮಲ್ ಪರದೆಯ ಹಗ್ಗ ಅವರ ಕೈಯಲ್ಲಿತ್ತು, ಇನ್ನೊಬ್ಬರಿಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವರದು ಒಂದೇ ವ್ರತ. ಅಂಕ ಮುಗಿಯದೆ ಪರದೆ ಬೀಳಬಾರದು. ಕರೆಂಟು ಹೋದಾಗ ಪೆಟ್ರೋಮ್ಯಾಕ್ಸ್ ಹಿಡಿದು ರಂಗದ ಮೇಲೆ ನಿಂತರು. ರಾಜನ ಪಾತ್ರದವನು ತಲೆ ಸುತ್ತಿ ಬಿದ್ದಾಗ ಸೇವಕನ ವೇಷದವನ ಕೈಯಲ್ಲಿ ನೀರು ಕಳಿಸಿ ಎಬ್ಬಿಸಿದರು, ಪರದೆ ಬಿಡಲಿಲ್ಲ.

"ನಡುವ ಬಿದ್ದದ್ದು ಪರದೆ ಅಲ್ಲ ತಂಗಿ, ಹೆಣದ ಮ್ಯಾಲಿನ ಅರಿವಿ," ಎನ್ನುತ್ತಿದ್ದರು.

ಆ ಡಿಸೆಂಬರಿಗೆ ಅವರ ನಿವೃತ್ತಿ. ಹೊಸ ವರ್ಷದಿಂದ ಮೋಟಾರಿನ ಪರದೆ ಬರುವುದೆಂದು ಕಾರ್ಯದರ್ಶಿಗಳು ಆಗಲೇ ಸಾರಿದ್ದರು. ರಾಯರ ಕೈಯ ಕೊನೆಯ ಪ್ರಯೋಗ ಯಾವುದೋ ಒಳ್ಳೆಯ ಸಂಗೀತ ನಾಟಕವಾಗಿರಲಿ ಎಂದು ನಾನು ಆಸೆಪಟ್ಟಿದ್ದೆ. ಬಂದದ್ದು ಯುರೋಪಿನ ಒಪೆರಾ.

ತಂಡದ ಜೊತೆ ಓಡಾಡಲು ನೇಮಕವಾಗಿದ್ದವನು ಪ್ರಶಾಂತ ಎಂಬ ಬೆಂಗಳೂರಿನ ತರುಣ. ಕೋಟು ಹಾಕಿ, ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ಎರಡು ದಿನ ಮೊದಲೇ ಬಂದ.

"ಮೇಡಂ, ಒಪೆರಾ ಅಂದ್ರೆ ನಮ್ಮ ಡ್ರಾಮಾ ತರ ಅಲ್ಲ. ಮಾತೇ ಇರಲ್ಲ, ಫುಲ್ ಹಾಡು," ಎಂದ.

"ಭೇಷ್," ಎಂದರು ರಾಯರು. "ಹಂಗಂದ್ರ ನಮ್ಮ ಮಂದೀಗೆ ಹಬ್ಬ. ಒನ್ಸ್ ಮೋರ್ ಎಷ್ಟರ ಬರ್ತಾವೋ!"

ಇದನ್ನು ಹೊಸಬರಿಗೆ ವಿವರಿಸಬೇಕು. ಮರಾಠಿ ಸಂಗೀತ ನಾಟಕದಲ್ಲಿ ಹಾಡು ಮನಸ್ಸಿಗೆ ಬಂದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ನಟ ಮತ್ತೆ ಮೊದಲಿನಿಂದ ಹಾಡಬೇಕು. ಕಥೆಯಲ್ಲಿ ಅವನು ಯುದ್ಧಕ್ಕೆ ಹೊರಟಿರಲಿ, ಹೆಂಡತಿಗೆ ಕೊನೆಯ ವಿದಾಯ ಹೇಳಿ ಬಾಗಿಲು ದಾಟಿರಲಿ, ತಿರುಗಿ ಬಂದು ಮತ್ತೊಮ್ಮೆ ವಿದಾಯ ಹೇಳಬೇಕು. ಜನರ ಕೂಗು ಇರುವವರೆಗೆ ಪರದೆ ಬಿಡಬಾರದು ಎನ್ನುವುದು ರಾಯರ ವ್ರತದ ಒಂದು ಉಪನಿಯಮ.

ಪ್ರಶಾಂತ ಬೆಚ್ಚಿಬಿದ್ದ. "ಅಯ್ಯೋ ಸರ್, ನೋ ವೇ! ಚಪ್ಪಾಳೆ ಕೂಡ ತಟ್ಟಬಾರದು. ಅವರ ಕಾನ್ಸಂಟ್ರೇಶನ್ ಹೋಗತ್ತೆ. ನಾನು ಬಾಂಬೇಲಿ ಪಿಯಾನೊ ಕಾನ್ಸರ್ಟ್ ನೋಡಿದೀನಲ್ಲ, ಪಿನ್ ಬಿದ್ರೆ ಕೇಳ್ಸತ್ತೆ. ಮೇಡಂ, ನೀವು ಸ್ಟ್ರಿಕ್ಟ್ ಆಗಿ ಅನೌನ್ಸ್ ಮಾಡ್ಬೇಕು."

ಕಾರ್ಯದರ್ಶಿಗಳೂ ಹೌದೆಂದರು. ರಾಯರು ಮಾತ್ರ ತಮಗೆ ಬೇಕಾದ ಒಂದೇ ಪ್ರಶ್ನೆ ಕೇಳಿದರು: "ಪರದೆ ಯಾವಾಗ ಬಿಡ್ಲಿ?"

"ಲಾಸ್ಟಲ್ಲಿ ಹೀರೋಯಿನ್ ವಿಷ ಕುಡಿದು ಹಾಡ್ತಾ ಸಾಯ್ತಾಳೆ ಸರ್. ಕೆಳಗೆ ಬಿದ್ದ ತಕ್ಷಣ ಬಿಡಿ."

"ಮುಗೀತು. ನನ್ನ ಕೈಯಾಗ ಇನ್ನ ಇದೊಂದ ಆಟ ಉಳದದ. ನೆಟ್ಟಗ ಮುಗದು ಪರದೆ ಬಿದ್ರ ಸಾಕು, ಕೈ ತೊಳಕೊಂಡು ಮನೀಗೆ ಹೋಗ್ತೀನಿ."

ಶನಿವಾರ ಮಧ್ಯಾಹ್ನ ತಂಡ ಬಂತು. ತಂಡ ಎನ್ನುವುದು ದೊಡ್ಡ ಮಾತು. ವಾದ್ಯಮೇಳದವರಿಗೆ ವೀಸಾ ಸಿಕ್ಕಿರಲಿಲ್ಲ. ವೇಷಭೂಷಣದ ಪೆಟ್ಟಿಗೆಗಳು ಯಾವುದೋ ವಿಮಾನ ನಿಲ್ದಾಣದಲ್ಲಿ ಉಳಿದಿದ್ದವು. ಪ್ರಿಯಕರನ ಪಾತ್ರದ ಗಾಯಕ ಬೆಳಿಗ್ಗೆ ಹುರುಪಿನಿಂದ ಎರಡು ತಟ್ಟೆ ಖಾರದ ಮಿಸಳ ತಿಂದು ಹೋಟೆಲಿನ ಸ್ನಾನದಮನೆಯಿಂದ ಹೊರಬರದಾಗಿದ್ದ. ಉಳಿದವರು ಮೂವರು: ನಾಯಕಿ, ಅವಳ ತಂದೆಯ ಪಾತ್ರದ ಒಬ್ಬ ದಪ್ಪ ದನಿಯ ಗೃಹಸ್ಥ, ಮತ್ತು ಪಿಯಾನೊ ನುಡಿಸುವ ನರೆಗೂದಲಿನ ಮೇಷ್ಟರು. ಪ್ರಿಯಕರನ ಹಾಡುಗಳು ಬಾಯಿಗೆ ಬರುತ್ತಿದ್ದುದು ಆ ಮೇಷ್ಟರಿಗೆ ಮಾತ್ರ.

"ಹಂಗಾದ್ರ ಪಿಯಾನೊ ಬಾರಿಸೋರು ಯಾರು?" ಎಂದು ಕೇಳಿದೆ.

"ಅವರೇ ಮೇಡಂ. ಕೂತ್ಕೊಂಡೇ ಲವ್ ಮಾಡ್ತಾರೆ."

ವೇಷಕ್ಕೆ ನಮ್ಮ ಪೆಟಾರಿ ತೆರೆದೆವು. ಅದರಲ್ಲಿ ಐತಿಹಾಸಿಕ ನಾಟಕಗಳ ಸಾಮಾನು ಬಿಟ್ಟರೆ ಬೇರೇನೂ ಇರಲಿಲ್ಲ. ತಂದೆಗೆ ಜರಿಯ ಅಂಗರಖಾ, ಮೇಷ್ಟರಿಗೆ ಪುಣೇರಿ ಪಗಡಿ, ನಾಯಕಿಗೆ ಒಂಬತ್ತು ಗಜದ ಸೀರೆ. ಕಚ್ಚೆ ಹಾಕಿ ಉಡಿಸಿದ್ದು ನಾನು. ಆಕೆ ಐವತ್ತರ ಆಸುಪಾಸಿನ ಮೃದು ಸ್ವಭಾವದ ಹೆಂಗಸು; ಪ್ರತಿ ನೆರಿಗೆಗೂ "ಥ್ಯಾಂಕ್ ಯೂ" ಎನ್ನುತ್ತಿದ್ದಳು. ನೆಗಡಿ ಬೇರೆ ಆಗಿತ್ತು. ರಾಯರು ಬಂದು ದೂರದಿಂದಲೇ ನೋಡಿ, "ಲಕ್ಷಣ ಆಗಿ ಕಾಣಸ್ತಾಳ. ಬಿದ್ದಾಗ ಕಚ್ಚಿ ಬಿಚ್ಚದಂಗ ಪಿನ್ನು ಹಾಕು," ಎಂದು ಹೇಳಿ ಹೋದರು.

ಮೂರನೆಯ ಗಂಟೆಯಾಯಿತು. ಪ್ರಶಾಂತ ಬರೆದುಕೊಟ್ಟಿದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ: ಇದು ಗಂಭೀರ ಕಲೆ; ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬಾರದು, ಒನ್ಸ್ ಮೋರ್ ಕೇಳಬಾರದು, ಕೆಮ್ಮಬಾರದು, ಬಾಲ್ಕನಿಯವರು ಚುರುಮುರಿ ಪೊಟ್ಟಣ ಬಿಚ್ಚಬಾರದು. ನಮ್ಮ ಸಭಾಗೃಹದ ಜನ ಶಿಸ್ತಿನವರು. ಹೇಳಿದರೆ ಹಾಗೇ ಮಾಡುವವರು, ಹೇಳಿದವರಿಗೆ ಅದರಿಂದ ತೊಂದರೆಯಾಗುವಷ್ಟು.

ಮೊದಲ ಅಂಕ ಒಂದು ಗಂಟೆ ನಡೆಯಿತು. ನಾನು ರಂಗದ ಪಕ್ಕದ ಮರೆಯಲ್ಲಿ ಕೂತು ನೋಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿರಲಿಲ್ಲ. ಶಾಲೆಯೊಂದರಿಂದ ಟೆಂಪೋದಲ್ಲಿ ತಂದ ಪಿಯಾನೊದ ಒಂದು ಕೀಲಿ ಒತ್ತಿದರೆ ಬರೀ ಟಕ್ ಎನ್ನುತ್ತಿತ್ತು. ದುರದೃಷ್ಟಕ್ಕೆ ಆ ಒಪೆರಾ ಪೂರ್ತಿ ಅದೇ ಕೀಲಿಯ ಮೇಲೆ ನಿಂತಿತ್ತು. ನಾಯಕಿಯ ದನಿ ಎತ್ತರಕ್ಕೆ ಹೊರಟು ಅರ್ಧದಲ್ಲಿ ಮನಸ್ಸು ಬದಲಿಸುತ್ತಿತ್ತು. ಪ್ರಿಯಕರ ಪಿಯಾನೊ ಬಿಟ್ಟು ಏಳುವಂತಿರಲಿಲ್ಲವಾದ್ದರಿಂದ ಅಪ್ಪಿಕೊಳ್ಳಬೇಕಾದಾಗಲೆಲ್ಲ ಆಕೆಯೇ ರಂಗ ದಾಟಿ ಹೋಗಿ ಅವನ ಬೆನ್ನನ್ನು ಅಪ್ಪಿಕೊಳ್ಳುತ್ತಿದ್ದಳು. ತಂದೆ ಕತ್ತಿ ಹಿರಿದು ಅವನನ್ನು ಕೊಲ್ಲಲು ಬಂದಾಗಲೂ ಅವನು ತಲೆ ಎತ್ತದೆ ನುಡಿಸುತ್ತಿದ್ದ. ತನ್ನ ಮೇಲೆ ಬಂದ ಕತ್ತಿಗೆ ತಾನೇ ಪಕ್ಕವಾದ್ಯ.

ಸಭಾಗೃಹ ತುಂಬಿತ್ತು. ಒಂದು ಉಸಿರೂ ಕೇಳಲಿಲ್ಲ. ಡೈರಿಯ ಲೆಕ್ಕ: ಚಪ್ಪಾಳೆ ಸೊನ್ನೆ, ಕೆಮ್ಮು ಒಂದು, ಅದೂ ರಂಗದ ಮೇಲಿನಿಂದ.

ಮಧ್ಯಂತರದಲ್ಲಿ ಬಟಾಟೆವಡೆಯ ಸಾಲಿನಲ್ಲಿ ತಾತ್ಯಾ ಸಿಕ್ಕರು. ನಿವೃತ್ತ ಶಾಲಾ ಮಾಸ್ತರರು. ಮೊದಲ ಸಾಲು ಬಿಟ್ಟು ಎಲ್ಲೂ ಕೂಡದ, ಒಂದೂ ಸಂಗೀತ ನಾಟಕ ತಪ್ಪಿಸದ ರಸಿಕರು. ಮರಾಠಿಯಲ್ಲಿ ಪಿಸುಗುಟ್ಟಿದರು: "ಸುಮನ್‌ತಾಯಿ, ತೀರಿಕೊಂಡವರು ಯಾರು ಅಂತಾದರೂ ಹೇಳಿ. ಒಂದು ಗಂಟೆ ಮೌನ ಆಚರಿಸಿದ್ದೇವೆ."

ಅಷ್ಟರಲ್ಲಿ ಪ್ರಶಾಂತ ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ. "ಮೇಡಂ, ಅವರು ಎರಡನೇ ಆಕ್ಟ್ ಮಾಡಲ್ವಂತೆ!"

ಬಣ್ಣದ ಕೋಣೆಯಲ್ಲಿ ನಾಯಕಿ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮಲ್ಲಿ ಒಂದೊಂದು ಹಾಡಿಗೂ ಚಪ್ಪಾಳೆ ಬೀಳುತ್ತದೆ. ಕೆಟ್ಟದಾಗಿ ಹಾಡಿದರೆ ಬೈಯುತ್ತಾರೆ, ಅದೂ ನಡೆಯುತ್ತದೆ. ಇಷ್ಟು ಜನ ಸೇರಿ ಹೀಗೆ ಸುಮ್ಮನಿದ್ದದ್ದು ನಾನು ಎಲ್ಲಿಯೂ ಕಂಡಿಲ್ಲ. ನಾನು ಕೆಟ್ಟದಾಗಿ ಹಾಡಿದೆ ಎಂದು ನನಗೂ ಗೊತ್ತು. ಆದರೆ ಇಷ್ಟು ದ್ವೇಷವೇ?

ನಾನು ಪ್ರಶಾಂತನನ್ನು ನೋಡಿದೆ. ಪ್ರಶಾಂತ ತನ್ನ ಪೇಜರನ್ನು ನೋಡಿಕೊಂಡ.

"ಏನಂತ?" ಎಂದು ಬಾಗಿಲಲ್ಲಿ ನಿಂತ ರಾಯರು ಕೇಳಿದರು. ಹೇಳಿದೆ. ಅವರ ಮುಖ ಇಳಿಯಿತು. ಮೂವತ್ತು ವರ್ಷ ಕಾಪಾಡಿದ ವ್ರತ ಕೊನೆಯ ದಿನ, ಅರ್ಧ ಆಟದಲ್ಲಿ, ಇಳಿದ ಪರದೆ ಮತ್ತೆ ಏಳದೆ ಮುರಿಯುವುದರಲ್ಲಿತ್ತು. ಹೊರಗೆ ಹೋಗಿ ಒಂದು ತಟ್ಟೆಯಲ್ಲಿ ವಡೆ, ಒಂದು ಲೋಟ ಚಹ ಹಿಡಿದು ಬಂದರು. ಆಕೆಯ ಎದುರು ಇಟ್ಟು, ಶುದ್ಧ ಧಾರವಾಡದ ಕನ್ನಡದಲ್ಲಿ ಮಾತಿಗೆ ಶುರುಮಾಡಿದರು.

"ಯವ್ವಾ, ಖರೇ ಹೇಳ್ತೀನಿ, ನೀ ಹಾಡಿದ್ದು ನನಗ ಒಂದಕ್ಷರ ತಿಳೀಲಿಲ್ಲ. ಆ ಪಿಯಾನೊ ಪೇಟಿನೂ ನೆಟ್ಟಗಿಲ್ಲ, ನಿನ್ನ ಗಂಟಲೂ ನೆಟ್ಟಗಿಲ್ಲ. ಇರ್ಲಿ. ನಾನೂ ಇವತ್ತ ಕಡೀ ಸಲ ಹಗ್ಗ ಹಿಡದೀನಿ. ನೀ ಹಿಂಗ ಅರ್ಧಕ್ಕ ಎದ್ದು ಹೋದಿ ಅಂದ್ರ ನಾ ಎಲ್ಲಿ ಹೋಗ್ಲಿ? ಸಾಯೂದರ ಪೂರ್ತಿ ಸಾಯಿ. ಚಂದ ಸಾಯಿ. ನಾ ಚಂದಾಗಿ ಪರದೆ ಬಿಡ್ತೀನಿ."

ಆಕೆ ಪ್ರಶಾಂತನ ಕಡೆ ತಿರುಗಿದಳು. ಪ್ರಶಾಂತ ಇಂಗ್ಲಿಷಿನಲ್ಲಿ, "ದಯವಿಟ್ಟು ಮುಂದುವರಿಸಿ ಎನ್ನುತ್ತಿದ್ದಾರೆ," ಎಂದಷ್ಟೇ ಹೇಳಿದ.

"ಇಷ್ಟುದ್ದ ಹೇಳಿದರಲ್ಲ?" ಎಂದಳು ಆಕೆ.

ಆಗ ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ರಾಯರ ನಿವೃತ್ತಿ, ಹಗ್ಗ, ವ್ರತ ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಬೇಡವೆಂದು ಜನರಿಗೆ ಹೇಳಿದ್ದು ನಾವೇ ಎಂದೂ ಹೇಳಿದೆ. ಆಕೆ ವಡೆ ಕಚ್ಚಿದಳು. ಹಸಿಮೆಣಸಿನಕಾಯಿ ಸಿಕ್ಕಿರಬೇಕು, ಕಣ್ಣಲ್ಲೂ ಮೂಗಲ್ಲೂ ನೀರು ಬಂದು, ಎರಡು ದಿನದ ನೆಗಡಿ ಅಲ್ಲೇ ಒಡೆಯಿತು. ಗಂಟಲು ಸರಿಮಾಡಿಕೊಂಡು ಹೇಳಿದಳು: "ನಿಮ್ಮ ನಾಟಕಕ್ಕೆ ಜನ ಏನು ಮಾಡುತ್ತಾರೋ ನಮಗೂ ಅದನ್ನೇ ಮಾಡಲಿ."

"ಎಲ್ಲವನ್ನೂ?" ಎಂದೆ.

"ಎಲ್ಲವನ್ನೂ."

"ಮೇಡಂ, ಒಂದ್ ಸಲ ಯೋಚನೆ ಮಾಡಿ," ಎಂದ ಪ್ರಶಾಂತ. ಆ ಸಂಜೆ ಅವನು ಆಡಿದ ಒಂದೇ ಸರಿಯಾದ ಮಾತು ಅದು.

ನಾನು ಮೈಕಿನಲ್ಲಿ ಹೇಳಿದೆ: ಮೊದಲ ಅಂಕದ ಸೂಚನೆಗಳನ್ನು ಹಿಂತೆಗೆದುಕೊಳ್ಳಲಾಗಿದೆ, ರಸಿಕರು ಎಂದಿನಂತೆ ನಡೆದುಕೊಳ್ಳಬೇಕೆಂದು ಕಲಾವಿದರ ಇಚ್ಛೆ. ಕತ್ತಲೆಯಲ್ಲಿ ಏಕಕಾಲಕ್ಕೆ ನೂರಾರು ಚುರುಮುರಿ ಪೊಟ್ಟಣ ಬಿಚ್ಚಿದ ಸದ್ದು ಕೇಳಿಸಿತು. ಒಂದು ಗಂಟೆಯಿಂದ ಕಟ್ಟಿಟ್ಟಿದ್ದ ಕೆಮ್ಮೆಲ್ಲ ಹೊರಬಂತು.

ಎರಡನೆಯ ಅಂಕ ಮೊದಲನೆಯದಕ್ಕಿಂತ ಚೆನ್ನಾಗಿರಲಿಲ್ಲ. ಆದರೆ ಜನ ಬೇರೆಯಾಗಿದ್ದರು. ತಂದೆ ಶಾಪ ಹಾಕಿದ್ದಕ್ಕೆ ಒನ್ಸ್ ಮೋರ್. ಮತ್ತೆ ಶಾಪ ಹಾಕಿದ. ಮೇಷ್ಟರ ಪ್ರೇಮಗೀತೆಯಲ್ಲಿ ಆ ಕೆಟ್ಟ ಕೀಲಿ ಬರುವ ಕಡೆಯೆಲ್ಲ ಬಾಲ್ಕನಿಯವರು ತಾವೇ "ಟಕ್" ಎಂದು ಸೇರಿಸಿದರು. ಮೇಷ್ಟರು ಪಗಡಿ ಎತ್ತಿ ವಂದಿಸಿದರು. ನಾನು ಗೆರೆ ಹಾಕುತ್ತ ಹೋದೆ.

ಕೊನೆಗೆ ವಿಷದ ಬಟ್ಟಲು ಬಂತು. ರಾಯರು ಹಗ್ಗಕ್ಕೆ ಎರಡೂ ಕೈ ಹಾಕಿ, ನನ್ನನ್ನು ಹತ್ತಿರ ಕರೆದರು. "ಬಿದ್ದ ಕೂಡ್ಲೆ ಹೇಳು ತಂಗಿ. ನನ್ನ ಕಣ್ಣು ಮಂಜಾಗ್ಯದ." ಚಾಳೀಸು ಹಾಕಿಕೊಂಡೇ ಇದ್ದರು.

ಆಕೆ ಹಾಡಿದಳು. ಇಡೀ ಸಂಜೆಯಲ್ಲಿ ಮೊದಲ ಸಲ ದನಿ ಎಲ್ಲಿಗೆ ಹೊರಟಿತೋ ಅಲ್ಲಿಗೆ ತಲುಪಿತು. ಮೆಣಸಿನಕಾಯಿಯ ಕೃಪೆಯೋ ಏನೋ. ಕೊನೆಯ ಸ್ವರವನ್ನು ಹಿಡಿದು, ತೆಳ್ಳಗೆ ಮಾಡಿ, ಬಿಟ್ಟು, ಸೀರೆಯ ನೆರಿಗೆ ಕೆಡದಂತೆ ನೆಲಕ್ಕೆ ಒರಗಿದಳು.

"ಬಿದ್ಲು ರಾಯರ!"

ರಾಯರು ಹಗ್ಗ ಬಿಟ್ಟರು. ಪರದೆ ಒಂದು ಮೊಳ ಇಳಿದಿತ್ತು. ಮೊದಲ ಸಾಲಿನಿಂದ ತಾತ್ಯಾ ಎದ್ದು ನಿಂತು ಕೂಗಿದರು: "ಒನ್ಸ್ ಮೋರ್!"

ಸಭಾಗೃಹವೆಲ್ಲ ದನಿಗೂಡಿಸಿತು. ರಾಯರು ಹಗ್ಗವನ್ನು ಗಪ್ಪನೆ ಹಿಡಿದು ಪರದೆಯನ್ನು ಹಿಂದಕ್ಕೆ ಎಳೆದರು. ಸತ್ತವಳು ಒಂದು ಕಣ್ಣು ತೆರೆದು ಮೇಷ್ಟರನ್ನು ನೋಡಿದಳು. ಮೇಷ್ಟರು ಹೆಗಲು ಹಾರಿಸಿ ಹಾಳೆ ಹಿಂದಕ್ಕೆ ಮಗುಚಿದರು. ಆಕೆ ಎದ್ದು, ಖಾಲಿ ಬಟ್ಟಲನ್ನು ಮತ್ತೆ ಎತ್ತಿ, ವಿಷ ಕುಡಿದು, ಹಾಡಿ, ಸತ್ತಳು. ಪರದೆ ಒಂದು ಮೊಳ ಇಳಿಯಿತು. ಮತ್ತೆ ಒನ್ಸ್ ಮೋರ್. ಮತ್ತೆ ರಾಯರು ಎಳೆದರು. ಮೂರನೆಯ ಸಲ ಆಕೆ ಮಗಳನ್ನು ಕಳೆದುಕೊಂಡ ತಂದೆಗೆ ಸಮಾಧಾನ ಮಾಡುವಂತೆ ಅವನ ಭುಜ ತಟ್ಟಿ, ಬಟ್ಟಲು ಎತ್ತಿದಳು.

ಮೂರನೆಯ ಸಾವು ಎಲ್ಲಕ್ಕಿಂತ ಚೆನ್ನಾಗಿತ್ತು. ಜನ ತೃಪ್ತರಾಗಿ ಸುಮ್ಮನಾದರು. ಇದೇ ಕ್ಷಣ. ರಾಯರು ನಿಡಿದಾಗಿ ಉಸಿರೆಳೆದು ಹಗ್ಗ ಬಿಟ್ಟರು.

ಪರದೆ ಬರಲಿಲ್ಲ.

ಬಿಡುವುದು ಎಳೆಯುವುದು ಮಾಡಿದ್ದಕ್ಕೆ ಹಗ್ಗ ಮೇಲೆ ಗಡಗಡಿಯಿಂದ ಜಾರಿ, ಗಾಲಿಗೂ ಕಟ್ಟಿಗೆಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ರಾಯರು ಜಗ್ಗಿದರು, ಜೋತುಬಿದ್ದರು. ರಂಗದ ಮೇಲೆ ನಾಯಕಿ ಸತ್ತು ಬಿದ್ದಿದ್ದಳು. ತಂದೆ ಹೆಣದ ಮುಂದೆ ಮಂಡಿಯೂರಿದ್ದವನು ಮಂಡಿ ಬದಲಿಸಿದ. ಪ್ರೇಕ್ಷಕರು ಕದಲಲಿಲ್ಲ, ಪರದೆ ಬೀಳದೆ ಏಳುವ ರೂಢಿ ನಮ್ಮಲ್ಲಿಲ್ಲ.

"ಏನರ ಅಡ್ಡ ಹಿಡೀರಿ!" ಎಂದರು ರಾಯರು. "ಆ ಬಾಯಾರು ಎದ್ದು ಒಳಗ ಬರೋತನಕ ಏನರ ಅಡ್ಡ ಹಿಡೀರಿ!"

ಪೆಟಾರಿಯಲ್ಲಿ ಕೈಹಾಕಿದಾಗ ಸಿಕ್ಕಿದ ಮೊದಲ ಬಟ್ಟೆ ತೆಗೆದುಕೊಂಡೆ. ಒಂದು ತುದಿ ಪ್ರಶಾಂತನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು, ಇಬ್ಬರೂ ರಂಗದ ಮೇಲೆ ಓಡಿ ಹೆಣದ ಮುಂದೆ ಅಗಲವಾಗಿ ಹಿಡಿದು ನಿಂತೆವು. ನಿಂತ ಮೇಲೆ ಬಟ್ಟೆ ನೋಡಿದೆ. ನಡುವೆ ಕುಂಕುಮದ ಸ್ವಸ್ತಿಕವಿತ್ತು. ಮದುವೆಯಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟ.

ಬಾಲ್ಕನಿಯಿಂದ ಯಾರೋ, ಪುರೋಹಿತರದೇ ರಾಗದಲ್ಲಿ, ದೀರ್ಘವಾಗಿ ಎಳೆದರು: "ಶುಭಮಂಗಲ..."

"ಸಾವಧಾನ!" ಎಂದಿತು ಇಡೀ ಸಭಾಗೃಹ.

ಮೇಲಿಂದ ಅಕ್ಷತೆಯ ಬದಲು ಚುರುಮುರಿ ಬಿತ್ತು. ಮೇಷ್ಟರು ಇದು ಯಾವುದೋ ಒಳ್ಳೆಯ ಸಂಪ್ರದಾಯವೆಂದು ತಿಳಿದು ಕುಣಿಯುವ ಧಾಟಿಯೊಂದನ್ನು ಹಿಡಿದರು. ಮತ್ತೆ ಶುಭಮಂಗಲ, ಮತ್ತೆ ಸಾವಧಾನ. "ಮೇಡಂ, ಯಾರಿಗೆ ಮದುವೆ?" ಎಂದ ಪ್ರಶಾಂತ, ಚುರುಮುರಿ ತಲೆಯ ಮೇಲೆ ಹೊತ್ತುಕೊಂಡು. ಮಂಗಲಾಷ್ಟಕ ಮುಗಿದೊಡನೆ ಅಂತರಪಟ ಸರಿಸಬೇಕು. ಎಷ್ಟೋ ಮದುವೆಗಳಲ್ಲಿ ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ಹಿಂದೆ ನಾಯಕಿ ಅರ್ಧ ಎದ್ದು ಕೂತು ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಇನ್ನು ಸಾಯುವುದು ಸಾಧ್ಯವಿಲ್ಲವೆಂದು ತಿಳಿದು ನಿಂತು, ನಾನು ಮಧ್ಯಾಹ್ನ ಕಲಿಸಿಕೊಟ್ಟಂತೆ ಕೈ ಮುಗಿದಳು. ಮೇಷ್ಟರು ಆ ಸಂಜೆ ಮೊದಲ ಸಲ ಪಿಯಾನೊ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಂತರು. ಅಂಥ ಚಪ್ಪಾಳೆಯನ್ನು ನಾನು ಅದರ ಮೊದಲೂ ಆಮೇಲೂ ಕೇಳಿಲ್ಲ.

ಹೊರಗೆ ಹೋಗುತ್ತ ತಾತ್ಯಾ ಹೇಳಿದರು: "ಗಾಯನ ಸಾಧಾರಣ. ಮದುವೆ ಉತ್ತಮ."

ಒಳಗೆ ರಾಯರು ಹಗ್ಗ ಹಿಡಿದೇ ನಿಂತಿದ್ದರು.

"ಆಟ ಮುಗೀತು ರಾಯರ. ಮಂದಿ ಹೋಗ್ಲಿಕತ್ತಾರ."

"ಹೆಂಗ ಮುಗೀತು? ಪರದೆ ಎಲ್ಲಿ ಬಿತ್ತು?" ಎಂದರು. ಆಮೇಲೆ ನಿಧಾನವಾಗಿ ನಗು ಬಂತು. "ನೋಡು, ನಡುವೂ ಬೀಳಲಿಲ್ಲ, ಕಡೀಕೂ ಬೀಳಲಿಲ್ಲ. ಇಷ್ಟ ಹಟ ಮಾಡಬಾರದಿತ್ತು ನಾ."

ನಾನು ಡೈರಿ ತೆಗೆದು ಮುಕ್ತಾಯದ ವೇಳೆ ಬರೆಯಹೋದೆ. ಪೆನ್ನಿಗೆ ಕೈ ಅಡ್ಡ ಹಿಡಿದರು. "ಬ್ಯಾಡ. ಪರದೆ ಬಿದ್ದ ಮ್ಯಾಲೆ ಬರಿ."

ಸೋಮವಾರ ಗಡಗಡಿ ರಿಪೇರಿಯವರು ಬರಲಿಲ್ಲ. ಹೇಗೂ ಹೊಸದು ಬರುತ್ತದೆಂದು ಕಾರ್ಯದರ್ಶಿಗಳು ಹಳೆಯ ಪರದೆಯನ್ನು ಮೇಲಿಂದಲೇ ಬಿಚ್ಚಿಸಿ, ಸುತ್ತಿ, ಬಿಬವೇವಾಡಿಯಲ್ಲಿ ಮದುವೆ ಚಪ್ಪರ ಬಾಡಿಗೆಗೆ ಕೊಡುವ ಒಬ್ಬ ಮಂಟಪದವನಿಗೆ ಕೊಟ್ಟುಬಿಟ್ಟರು. ಮೋಟಾರಿನ ಪರದೆ ಬಂತು. ಎರಡು ಸಾವಿರದ ಇಸವಿಯ ನಂತರ ಮೊಬೈಲು ಬಂದವು, ಒನ್ಸ್ ಮೋರ್ ಕಡಿಮೆಯಾದವು. ಮೋಟಾರಿನ ಪರದೆ ಅಂಕದ ನಡುವೆ ಎಷ್ಟು ಸಲ ತಾನಾಗಿ ಬಿದ್ದಿತೆಂಬ ಲೆಕ್ಕ ನನ್ನಲ್ಲಿದೆ, ಹೇಳುವುದಿಲ್ಲ. ಹೊಸಬರಿಗೆ ನನ್ನದೊಂದೇ ಸಲಹೆ: ಪ್ರೇಕ್ಷಕರಿಗೆ ಏನು ಮಾಡಬಾರದೆಂದು ಹೇಳುವ ಮೊದಲು ರಂಗದ ಮೇಲಿರುವವರನ್ನು ಒಂದು ಮಾತು ಕೇಳಿ.

ರಾಯರಿಗೆ ಈಗ ಎಂಬತ್ತು ದಾಟಿದೆ. ವಾಕಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನು ಮಾಡಿದರೆ ಆರೋಗ್ಯ ವಿಚಾರಿಸಲು ಬಿಡುವುದಿಲ್ಲ. "ನನ್ನ ಆಟ ಇನ್ನೂ ಚಾಲೂ ಅದ ತಂಗಿ. ಪರದೆ ಸಿಕ್ತೇನು?" ಎನ್ನುತ್ತಾರೆ. ಮಂಟಪದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಕುರಕುಂಭದ ಒಂದು ಕಾರ್ಖಾನೆಯ ಸಮಾರಂಭದಲ್ಲಿ ಅಂಥದೇ ಪರದೆ ಕಂಡೆನೆಂದು ಯಾರೋ ಹೇಳಿದರು. ಹೋಗಿ ನೋಡಿದೆ. ಅದು ಬೇರೆ.

ನಮ್ಮದು ಕೆಂಪು ಮಖಮಲ್, ಕೆಳ ಅಂಚಿಗೆ ಹಳದಿ ಗೊಂಡೆ, ಎಡ ಮೂಲೆಯಲ್ಲಿ ಪೆಟ್ರೋಮ್ಯಾಕ್ಸ್ ತಾಗಿ ಸುಟ್ಟ ಒಂದು ತೂತು, ಅದಕ್ಕೆ ರಾಯರೇ ಹೊಲಿದ ನೀಲಿ ತೇಪೆ. ಬಲ್ಲವರು ಯಾರಾದರೂ ಇದ್ದರೆ ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬೆಲೆ ಕಟ್ಟಿ ಒಯ್ಯುವುದಿಲ್ಲ. ಎಲ್ಲಾದರೂ ಎತ್ತರಕ್ಕೆ ಒಮ್ಮೆ ಕಟ್ಟಿ, ಹಗ್ಗದ ತುದಿಯನ್ನು ರಾಯರ ಕೈಗೆ ಕೊಟ್ಟರೆ ಸಾಕು. ಬಿದ್ದೊಡನೆ ನಾನು ಗಡಿಯಾರ ನೋಡಿ ವೇಳೆ ಬರೆದುಕೊಳ್ಳುತ್ತೇನೆ.